ಸೊಂಟದ ಚಾಕು

...ನಗಬೇಡ ಟ್ಯಾಮ್ಸಿನ್, ಇದು ನಗೋ ವಿಷಯ ಅಲ್ಲ. ಟೀವಿ ಕಡೆ ಸರಿಯಾಗಿ ನೋಡು. ಬಿರುಗಾಳಿ ಬೀಸ್ತಿದೆ, ಆ ನಟ ಹಾಯಿ ಮಡಚೋಕೆ ಹಡಗಿನ ಕೂವೆಮರ ಹತ್ತುತ್ತಿದ್ದಾನೆ. ಸೊಂಟದಲ್ಲಿ ಏನಿದೆ? ಏನೂ ಇಲ್ಲ!

ಈ ಧಾರಾವಾಹಿಯವರು ನಮ್ಮ ಫಾಲ್ಮತ್ ಬಂದರಿಗೇ ಬಂದು ಚಿತ್ರೀಕರಣ ಮಾಡಿದರಲ್ಲ, ಹಳೇ ಹಡಗಿನವನು, ಸಲಹೆಗಾರ ಅಂತ ನನ್ನನ್ನೂ ಕುರ್ಚಿ ಹಾಕಿ ಕೂರಿಸಿದರು. ಆ ನಿರ್ದೇಶಕನಿಗೆ ಎರಡು ಸಲ ಹೇಳಿದೆ: ಚಾಕು ಇಲ್ಲದೆ ನಾವಿಕ ಮೇಲೆ ಹತ್ತಲ್ಲ ಕಣಯ್ಯಾ, ಕಾಲಿಗೆ ಹಗ್ಗ ಸುತ್ತಿಕೊಂಡರೆ ಕತ್ತರಿಸಿಕೊಂಡೇ ಬದುಕಬೇಕು. "ಯಾರು ಗಮನಿಸ್ತಾರೆ ತಾತಾ?" ಅಂದ. ತಾತನಂತೆ! ಚಾಕು ಇಲ್ಲದವನನ್ನ ಮೇಲೆ ಕಳಿಸೋದು ಕೊಲೆ. ಹೌದು, ಕೊಲೆಯೇ. ಯಾರ ಮುಂದೆ ಬೇಕಾದರೂ ಹೇಳ್ತೀನಿ.

ಏನು? ಡೆನ್ಸಿಲ್‌ದಾ?... ಇತ್ತು, ಇಲ್ಲದೆ ಏನು! ನಿನ್ನ ಗಂಡ ಅಚ್ಚುಕಟ್ಟಿನ ಮನುಷ್ಯ. 'ಎಲೆನ್ ಕ್ಯಾರೋ' ಹಡಗಿನಲ್ಲಿ ಕ್ಯಾಪ್ಟನ್ ಬಿಟ್ಟರೆ ನಾನೇ ಅಲ್ವಾ ಅವನ ಮೇಲಿನ ಅಧಿಕಾರಿ? ನಲವತ್ನಾಲ್ಕು ವರ್ಷದಿಂದ ಹೇಳ್ತಾ ಬಂದಿದ್ದೀನಿ. ಅಲೆ ಎದ್ದಿತು, ಕೈ ಜಾರಿತು, ರೆಪ್ಪೆ ಮುಚ್ಚಿ ತೆರೆಯೋದರಲ್ಲಿ ಹೋದ. ಚಾಕೂ ಅವನ ಜೊತೆಗೇ ಸಮುದ್ರದ ತಳ ಸೇರಿತು.

ಯಾಕೆ ಎದ್ದೆ? ಬನ್ನು ಸಾಕು, ಚಹಾನೂ ಸಾಕು. ಕೂತ್ಕೋ ಮಾರಾಯ್ತಿ... ಡ್ರಾಯರ್‌ನಲ್ಲಿ ಏನು ಹುಡುಕ್ತೀ?

...

ಇದು... ಅವನ ಚಾಕು ಎಲ್ಲಿ ಸಿಕ್ಕಿತು? ಅವನ ಪೆಟ್ಟಿಗೆಯೊಳಗಾ? ನಾನೇ ಹೆಗಲ ಮೇಲೆ ಹೊತ್ತು ನಿನ್ನ ಮೆಟ್ಟಿಲು ಹತ್ತಿಸಿದೆನಲ್ಲ, ಆ ಪೆಟ್ಟಿಗೆ? ಅದನ್ನ ತುಂಬಿದ್ದು ನಾನಲ್ಲ. ಹಡಗಿನ ಅಡುಗೆಯವನು. ನನ್ನ ಮೇಜಿನಿಂದ ಇದನ್ನ ತೆಗೆದು ಅವನೇ...

ಅಂದರೆ ಇಷ್ಟು ವರ್ಷ ಇದು ನಿನ್ನ ಹತ್ತಿರವೇ ಇತ್ತು.

ಟೀವಿ ಯಾಕೆ ಆರಿಸಿದೆ? ಏನಾದರೂ ಅನ್ನು. ಬಯ್ಯಿ.

ಒಂದು ವಾರಕ್ಕೆ ಅಂತ ಅವನಿಂದ ಕಿತ್ತಿಟ್ಟಿದ್ದೆ, ಅಷ್ಟೇ. ಹಡಗಿನಂಚಿನ ಕಟಾಂಜನದ ಮೇಲೆ ಇದರಿಂದ ನಿನ್ನ ಹೆಸರು ಕೆತ್ತುತ್ತಿದ್ದ. ಹಡಗಿನ ಮರದ ಮೇಲೆ! ನಿಯಮ ಅಂದ್ರೆ ನಿಯಮ ಅಂದೆ. ಮೂರನೇ ದಿನವೇ ಗಾಳಿ ಎದ್ದಿತು... ಅಲೆ ಅಲ್ಲ, ಟ್ಯಾಮ್ಸಿನ್. ಹಗ್ಗ. ಕಾಲು ಗಂಟೆ ತಲೆಕೆಳಗಾಗಿ ನೇತಾಡಿದ, ಆಮೇಲೆ ಅಲೆ.

ನಾನು ಮೇಲೆ ಹತ್ತು ಅಂದಾಗ ಬರಿ ಸೊಂಟ ಮುಟ್ಟಿಕೊಂಡ. ನನ್ನ ಮುಖ ನೋಡಿದ. ಕೊಡಿ ಅಂತ ಬಾಯಿಬಿಟ್ಟು ಕೇಳಲಿಲ್ಲ ಕಣೇ, ಕೇಳಲೇ ಇಲ್ಲ. ಹೀಗೇ... ಈಗ ನೀನು ನೋಡ್ತಿದ್ದೀಯಲ್ಲ, ಹೀಗೇ ನೋಡಿದ.