ಕಮಲಾವತಿ ಟೀಚರ್ ಕಡಲಿಗೆ ಹೊರಟದ್ದು

ಗುರುವಾಯನಕೆರೆಯಲ್ಲಿ ವೇಣೂರು ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಬೆಂಚಿನಲ್ಲಿ ತಾಯಿ, ಮಗಳು ಕೂತಿದ್ದರು. ತಾಯಿಗೆ ಅರವತ್ತರ ಹತ್ತಿರ. ಮಡಿಲಲ್ಲಿ ಹೊಸ ಹೆಲ್ಮೆಟ್.

“ಸ್ಕೂಟರಿಗೆ ಅಂದುಕೊಂಡಿದ್ದೆ ಅಮ್ಮ. ಕಡಲಿಗೆ ಅಂತ ಈಗ ಹೇಳ್ತೀರಲ್ಲ.”

“ಕೈಟ್ ಸರ್ಫಿಂಗಿಗೆ, ಬ್ರಾಹ್ಮಿ. ದೊಡ್ಡ ಗಾಳಿಪಟ ನಮ್ಮನ್ನು ಎಳೀತದೆ, ನಾವು ಹಲಗೆ ಮೇಲೆ ನಿಂತು ನೀರಲ್ಲಿ ಜಾರುವುದು.”

“ಗಾಳಿ ನಿಮ್ಮನ್ನೇ ಎತ್ತಿಕೊಂಡು ಹೋದರೆ?”

“ಮೊದಲು ಮರಳಲ್ಲಿ ನಿಂತು ಸಣ್ಣ ಪಟ ಹಾರಿಸುವುದು. ಅದು ಹಿಡಿತಕ್ಕೆ ಬಂದ ಮೇಲೆಯೇ ನೀರಿಗೆ. ಕಲಿಸುವವರು ಹಲಗೆಯೂ ಅಗಲದ್ದು ಕೊಡ್ತಾರೆ, ಹೊಸಬರಿಗೆ ಅದೇ ಸುಲಭ. ಕಲಿಯುವ ಮೊದಲು ಪಟ, ಹಲಗೆ ಕೊಳ್ಳಬೇಡಿ ಅಂದಿದ್ದಾರೆ. ಹೆಲ್ಮೆಟ್ ಮಾತ್ರ ನನ್ನ ತಲೆಯ ಅಳತೆಯದ್ದೇ ಬೇಕಲ್ಲ.”

“ಹೋದ ವರ್ಷ ಟೆರೇಸಿನ ಮೆಟ್ಟಿಲಲ್ಲಿ ಬಿದ್ದದ್ದು ಮರೆತು ಹೋಯ್ತಾ?”

“ಬಟ್ಟೆ ಒಣಗಿಸ್ಲಿಕ್ಕೆ ಹೋಗಿ ಬಿದ್ದದ್ದು. ಇನ್ನು ಬಟ್ಟೆ ಒಣಗಿಸಬೇಡಿ ಅಂತ ನಿಮ್ಮಲ್ಲಿ ಯಾರಾದರೂ ಹೇಳಿದ್ದುಂಟಾ?”

ಮಗಳು ಹೆಲ್ಮೆಟ್ ತೆಗೆದುಕೊಂಡು ಅದರ ಪಟ್ಟಿ ಎಳೆದು ನೋಡಿದಳು.

“ಬಸದಿಯಲ್ಲಿ ಯಾರಾದರೂ ಕೇಳಿದರೆ ನಾನು ಏನು ಹೇಳ್ಲಿ?”

“ಕಮಲಾವತಿ ಟೀಚರ್ ಕಲಿಯಲಿಕ್ಕೆ ಹೋಗಿದ್ದಾರೆ ಅಂತ ಹೇಳು. ಮೂವತ್ತು ವರ್ಷ ಅವರ ಮಕ್ಕಳಿಗೆ ಕಲಿಸಿದ್ದೇನೆ. ಈಗ ನನ್ನ ಸರದಿ.”

ಮಂಗಳೂರು ಬಸ್ ಬಂತು. ತಾಯಿ ಹತ್ತಿದರು. ಹಿಂದೆಯೇ ಮಗಳೂ ಹತ್ತಿದಳು. ಕಿಟಕಿಯಿಂದ ಅವರ ಮಾತು ಕೇಳಿಸುತ್ತಿತ್ತು.

“ನಿನ್ನದು ಮೂಡುಬಿದಿರೆ ಬಸ್ಸಲ್ವಾ?”

“ಇವತ್ತು ರಜೆ ಹಾಕ್ತೇನೆ. ದಡದಲ್ಲಿ ನಿಂತಿರ್ತೇನೆ.”

“ನಿಲ್ಲು. ಆದರೆ ಅಲ್ಲಿಂದ ‘ಜಾಗ್ರತೆ, ಜಾಗ್ರತೆ’ ಅಂತ ಕೂಗಬೇಡ. ನಾನು ಗಾಳಿಯ ಕಡೆ ಗಮನ ಕೊಡಬೇಕು.”

ಕಂಡಕ್ಟರ್ ಸೀಟಿ ಊದಿದ.