ಪುಸ್ತಕದ ಅಳತೆ, ರಾಜಾರಾಮನ ಕಿವಿ

ವಿಜಯಪುರದ ನಿಲ್ದಾಣದಲ್ಲಿ ಹೊನವಾಡದ ಬಸ್ಸಿಗೆ ಕಾದು ಕಾದು ಸೌಭಾಗ್ಯಳಿಗೆ ತೂಕಡಿಕೆ ಹತ್ತಿತ್ತು. ಪಕ್ಕದಲ್ಲಿ ಅವಳೂರಿನ ರೇಡಿಯೊ ರಿಪೇರಿಯ ಮುದುಕ ರಾಜಾರಾಮ, ಮಡಿಲಲ್ಲಿ ಗ್ರಾಮೊಫೋನ್ ರೆಕಾರ್ಡಿನ ದನಿ ಹದ ಮಾಡುವ ತಗಡಿನ ಪೆಟ್ಟಿಗೆ. ಅದನ್ನು ಮಾಡಿಸಿದ ಮಾಸ್ತರ ಚೇತನಕುಮಾರ ಎದುರಿಗೆ ನಿಂತಿದ್ದ.

“ಕಾಕಾ, ಮೂರು ಸಲ ಬಿಚ್ಚಿ ಕಟ್ಟೀರಿ. ರೆಕಾರ್ಡ್ ಹಚ್ಚಿದ್ರ ಇನ್ನೂ ಕಿವಿ ಚುಚ್ಚತೈತ್ರಿ.”

“ರೆಕಾರ್ಡ್ ಮಾಡುವಾಗ ಸೀಟಿಯಂಥಾ ಸಣ್ಣ ದನಿ ಏರಿಸಿರ್ತಾರ, ಮಾಸ್ತರ. ಈ ಪೆಟಿಗಿ ಅದನ್ನ ಅಷ್ಟ ಇಳಸಬೇಕು.”

“ಇಳದಿಲ್ಲಲ್ರಿ ಮತ್ತ?”

“ದನಿ ಇಳಸೋ ಕೆಪ್ಯಾಸಿಟರ್ ಪುಸ್ತಕದಾಗಿನ ಅಳತೀದ ಹಾಕಿದ್ರ ಹಾಡು ಮಬ್ಬ ಕೇಳಸ್ತು. ಅದಕ್ಕ ಸಣ್ಣದು ಹಾಕೀನಿ.”

“ಮಬ್ಬ ಯಾರಿಗ್ರಿ?”

“ನನಗ. ನಲವತ್ತು ವರ್ಷ ಈ ಕಿವೀನ ನಂಬಿ ಕೆಲಸ ಮಾಡೀನಿ.”

“ಮನ್ಯಾಗ ನಿಮ್ಮ ಸೊಸಿ ಕೇಳಿದ್ಲೇನ್ರಿ?”

“ಆಕಿ ಕಿವಿ ಮುಚ್ಕೊಂಡು ಎದ್ದು ಹೋದ್ಲು.”

ಅಷ್ಟರಲ್ಲಿ ಹೊನವಾಡದ ಬಸ್ಸಿನ ಕಂಡಕ್ಟರ್ ಜೋರಾಗಿ ಸೀಟಿ ಊದಿದ. ತೂಕಡಿಸುತ್ತಿದ್ದ ಸೌಭಾಗ್ಯ ಬೆಚ್ಚಿ ಎದ್ದು ನಿಂತಳು. ರಾಜಾರಾಮ ಪೆಟ್ಟಿಗೆಯ ಸ್ಕ್ರೂ ತಿರುವುತ್ತಲೇ ಇದ್ದ.

“ಕಾಕಾ, ಸೀಟಿ ಊದಿದ್ರು. ಏಳ್ರಿ,” ಎಂದ ಮಾಸ್ತರ.

“ಯಾವ ಸೀಟಿ?”

ಮಾಸ್ತರ ಇನ್ನೂ ಸೀಟಿ ಊದುತ್ತಿದ್ದ ಕಂಡಕ್ಟರನ ಕಡೆ ಕೈ ತೋರಿಸಿದ. ರಾಜಾರಾಮ ಬಸ್ಸಿನತ್ತ ಓಡುತ್ತಿದ್ದ ಜನರನ್ನು ನೋಡಿದ, ಪೆಟ್ಟಿಗೆಯನ್ನು ನೋಡಿದ.

“ಪುಸ್ತಕದ ಅಳತೀದ ಹಾಕ್ತೀನಿ,” ಎಂದ ಕಡೆಗೆ. “ಹಾಕಿದ ಮ್ಯಾಲ ನೀವ ಕೇಳಿ ಹೇಳ್ರಿ.”

ಮಾಸ್ತರ ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದರಲ್ಲಿ ಮುದುಕನ ರಟ್ಟೆ ಹಿಡಿದು ಬಸ್ಸಿನ ಕಡೆ ನಡೆದ.