ಅರ್ಧ ಚಪ್ಪರ

ಹಲೋ... ಹಾಂ, ಯಾರು ಮಾತಾಡೋದು?... ಬ್ಯಾಂಕಿನೋರಾದ್ರೆ ನಂಬರ್ ಯೋಳಲ್ಲ ಕಣಪ್ಪ, ಓದ್ಸಲನೇ ಮಗನ ಕೈಲಿ ಬೈಸ್ಕಂಡಿದೀನಿ...

...ಗುಂಡಯ್ಯನಾ? ಯಾವ ಗುಂಡಯ್ಯ?... ಅಯ್ಯೋ, ನಮ್ ಮುಕ್ತಿಯಾರ್ ಜೊತೆ ಶಾಮಿಯಾನ ಅಂಗ್ಡಿ ಇಟ್ಟಿರೋ ಗುಂಡಯ್ಯನಾ! ಅಂಗನ್ಬಾರ್ದಾ ಮೊದ್ಲೇ. ಹೂಂ ಕಣಪ್ಪ, ಖಮರುನ್ನೀಸಾನೇ. ನರಸೀಪುರ ಬಿಟ್ಟು ನಾನಿನ್ನೆಲ್ಲಿಗೆ ಓಗ್ಲಿ. ನಿನ್ ತಂಗಿ ದೀಪಶ್ರೀ ಮದ್ವೆ ನಾಡಿದ್ದಲ್ವಾ? ಬತ್ತೀನಿ, ಪಟ್ಣಕ್ಕೆ ಬಸ್ಸೈತಲ್ಲ...

...ತಡಿ, ಒಂದ್ನಿಮ್ಸ. ಏಯ್ ಮಕ್ಕಳಾ, ಓದೋದ್ ನಿಲ್ಲಿಸ್ಬ್ಯಾಡಿ! ರುಖಿಯಾ, ಅಲ್ಲಿ ಸ್ವರ ಎಳೀಬೇಕು... ಅಷ್ಟೊಂದಲ್ಲ ಕಣೇ, ಬಸ್ಸಿನ ಹಾರನ್ ಅಲ್ಲ ಅದು!... ಹಾಂ, ಯೋಳಪ್ಪ. ಸಂಜೆ ಕುರಾನ್ ಪಾಠ ನಡೀತೈತೆ.

...ಏನು? ಚಪ್ಪರ ಬಿತ್ತಾ? ಗಾಳೀಗಾ?... ಮುಕ್ತಿಯಾರ್ ಕಿತ್ತಾಕಿದ್ನಾ? ನನ್ನಕ್ಕನ ಮಗ ಮುಕ್ತಿಯಾರ್? ಬೆಳಿಗ್ಗೆ ಅವ್ನೇ ತಾನೆ ನೆಟ್ಟಿದ್ದು?... ಊಟದ ಹೊತ್ತಲ್ಲಿ ಫೋನ್ ನೋಡ್ದ, ಎದ್ದ, ಕಿತ್ತ. ಎಲ್ಲಾನೂವಾ?... ಅರ್ಧ? ಅರ್ಧ ಯಾಕೆ?

...ಯಾ ಅಲ್ಲಾ! ಅಂಗ್ಡೀಲಿ ಅರ್ಧ ಪಾಲು ನಂದು ಅಂತ ಅರ್ಧ ಕಂಬ ಎಣ್ಸಿ ಕಿತ್ನಾ? ಮತ್ತೆ ಮೇಲಿನ ಬಟ್ಟೆ?... ನಿಮ್ಮವ್ವನ ತಲೆ ಮ್ಯಾಲಾ! ಬೆಟ್ಟಮ್ಮಂಗೆ ಪೆಟ್ಟಾಯ್ತಾ?... ಇಲ್ವಾ? ಇನ್ನೂ ಅದ್ರೊಳಗೇ ಕೂತವ್ಳಾ? ಯಾಕೆ?... ತಂಪಾಗೈತೆ ಅಂದ್ಲಾ! ಹ್ಹ ಹ್ಹ... ನಗ್ಬಾರ್ದು, ನಗ್ಬಾರ್ದು. ಯೋಳು.

...ಕಾರಣ ಏನಂದ?... ಬ್ಯಾರೆ ಧರ್ಮದೋರ ಮದ್ವೆಗೆ ಕಂಬ ನೆಟ್ರೆ ಪಾಪ. ಯಾರಂತೆ ಯೋಳಿದ್ದು?... ಫೋನಿನ ವಿಡಿಯೋದಲ್ಲಿ ಬರೋನೊಬ್ಬ. ಓಹೋ.

...ಇಲ್ಲ ಕಣ್ ಗುಂಡಯ್ಯ, ಅಂಗನ್ಬ್ಯಾಡ. ನೀನೇನೂ ತಪ್ಪು ಮಾಡಿಲ್ಲ... ಅಳ್ತಿದೀಯಾ?... ಶೀತಾನಾ. ಆಯ್ತು, ಶೀತ ಅಂತಾನೇ ಇಟ್ಕಳಾಣ. ಅವ್ನು ಅಲ್ಲೇ ಅವ್ನಾ? ಫೋನ್ ಕೊಡು ಅವ್ನ ಕೈಗೆ. ಸ್ಪೀಕರ್‌ಗೆ ಹಾಕು, ನೀನೂ ಕೇಳುಸ್ಕೋ.

...ವ ಅಲೈಕುಮ್ ಸಲಾಮ್. ಉರ್ದುಲಿ ಬ್ಯಾಡ ಮುಕ್ತಿಯಾರ್, ಕನ್ನಡದಲ್ಲೇ ಮಾತಾಡು. ಗುಂಡಯ್ಯಂಗೆ ಕೇಳಿಸ್ಬಾರ್ದು ಅನ್ನೋ ಅಂಥದ್ದು ನಮ್ ದೀನಲ್ಲಿ, ನಮ್ ಧರ್ಮದಲ್ಲಿ, ಏನೂ ಇಲ್ಲ.

...ಹಾಂ, ಶೇಖ್ ಸಾಹೇಬ್ರು ಯೋಳಿದ್ರು. ಎಸ್ರೇನು ಅವ್ರದ್ದು?... ಗೊತ್ತಿಲ್ಲ. ಯಾವೂರು?... ಗೊತ್ತಿಲ್ಲ. ಯಾರ ತಾವ ಓದವ್ರೆ?... ಕಾರಲ್ಲಿ ಕೂತ್ಕಂಡು ಮಾತಾಡ್ತಾರಾ? ಅದನ್ನ ಕೇಳ್ಲಿಲ್ಲ ನಾನು... ಕಪ್ಪು ಕನ್ನಡ್ಕ. ಅದನ್ನೂ ಕೇಳ್ಲಿಲ್ಲ! ಅಲ್ಲ ಕಣ್ಲಾ, ಬಾಗೂರಿಗೆ ಎಮ್ಮೆ ತರಾಕೆ ಓದೋನು ನೀನು ಹಲ್ಲು ನೋಡ್ದೆ, ಕೆಚ್ಚಲು ನೋಡ್ದೆ, ಅದ್ರವ್ವ ಎಷ್ಟು ಹಾಲು ಕೊಡ್ತಿತ್ತು ಅಂತ ಕೇಳ್ದೆ. ದೀನ್ ತಕ್ಕಳೋವಾಗ ಬರೀ ಕನ್ನಡ್ಕ ನೋಡಿ ತಕ್ಕಂಡ್ಯಾ?

...ಗುಂಡಯ್ಯ, ನೀನು ನಗ್ಬ್ಯಾಡ.

...ಪೂಜೆಗೆ ಕೂತ್ಕೋ ಅಂದ್ರಾ ನಿನ್ನ?... ಇಲ್ಲ. ತಿನ್ಬಾರ್ದದ್ದು ತಿನ್ನು ಅಂದ್ರಾ?... ಅನ್ನ, ಸಾರು, ಪಾಯ್ಸ. ಮತ್ತೆ? ಬಂದೋರ್ಗೆ ನೆಳ್ಳು ಮಾಡು ಅಂದ್ರು, ಅಷ್ಟೇ ಅಲ್ವಾ? ನೆರೆಯೋರ ಹಕ್ಕಿನ ಬಗ್ಗೆ ದೇವದೂತ ಜಿಬ್ರೀಲರು ಬಂದು ಬಂದು ಎಷ್ಟು ಒತ್ತಿ ಯೋಳಿದ್ರು ಅಂದ್ರೆ, ನೆರೆಯೋರ್ಗೆ ಆಸ್ತೀಲೂ ಪಾಲು ಕೊಡುಸ್ಬುಡ್ತಾರೇನೋ ಅಂತ ಪೈಗಂಬರ್‌ಗೇ ಅನ್ನುಸ್ತಂತೆ. ಹದೀಸ್ ಕಣ್ಲಾ ಇದು, ಪೈಗಂಬರರೇ ಆಡಿದ್ ಮಾತು. ನೀನು ನೋಡಿದ್ರೆ ಅವ್ರ ಕಂಬದಲ್ಲೇ ಪಾಲು ಕಿತ್ಕತೀಯ!

...ಇರು, ಇರು. ಫೋನಲ್ಲಿ ಅದೇನೋ ಗುಂಪು ಅಂದ್ಯಲ್ಲ. ಅಲ್ಲಿ ಎಷ್ಟು ಜನ ಅವ್ರೆ?... ಅಲ್ಲಿ ನಡ್ಯೋದನ್ನ ಮನೆಯೋರ್ಗೆ, ಮಸೀದಿಯೋರ್ಗೆ ಯೋಳ್ಬ್ಯಾಡಿ ಅಂದವ್ನಾ?... ಮುಕ್ತಿಯಾರ್. ನಿಜ ಯೋಳು.

...ಅಂದವ್ನೆ. ಹೂಂ.

...ಕೇಳಿಲ್ಲಿ. ಮೂವತ್ತು ವರ್ಸ ನಾನು ಜಗುಲಿ ಮ್ಯಾಲೆ ಕೂತು ಪಾಠ ಯೋಳಿದೀನಿ. ಹಾಲಿನೋರು, ಪೋಸ್ಟಿನೋರು ಎಲ್ಲಾ ಕೇಳುಸ್ಕಂಡೇ ಓಗ್ತಾರೆ. ಎದುರುಮನೆ ನೀಲಗಂಗಮ್ಮಂಗೆ ಅಲಿಫ್ ಬೇ ಅಕ್ಷರಮಾಲೆ ಪೂರ್ತಿ ಬಾಯಿಪಾಠ, ನಿನ್ಗಿಂತ ಚೆನ್ನಾಗಿ ಯೋಳ್ತಾಳೆ. ಹೆತ್ತೋರ್ಗೆ ಯೋಳ್ಬ್ಯಾಡಿ ಅನ್ನೋನು ದೀನ್ ಕಲ್ಸ್ತಿಲ್ಲ ಕಣಪ್ಪ, ಬ್ಯಾರೆ ಏನೋ ಕಲ್ಸ್ತಾವ್ನೆ. ಇವತ್ತು ಕಂಬ ಕೀಳ್ಸ್ದ. ನಾಳೆ ಏನ್ ಮಾಡುಸ್ತಾನೋ ಯಾರಿಗ್ಗೊತ್ತು. ಆಗ ಪೊಲೀಸ್ ಸ್ಟೇಷನ್ ಬಾಗ್ಲಲ್ಲಿ ನಿಲ್ಲೋಳು ನಿಮ್ಮವ್ವ. ಕಾರಲ್ಲಿ ಕೂತಿರೋನು ಇಳಿಯಲ್ಲ.

...ಏನು? ಜೋರಾಗ್ ಯೋಳು... ಟೀ ಅಂಗ್ಡೀಲಾ? ಯಾರಂದ್ರು?... ನಿಮ್ ದೇಶಕ್ಕೆ ಓಗು ಅಂದ್ರಾ! ಪಟ್ಣದ ಕೆರೇಲಿ ಈಜು ಕಲ್ತೋನಿಗೆ!... ಯಾವತ್ತು?... ನಾಲ್ಕ್ ತಿಂಗ್ಳಾಯ್ತಾ?

...ನೋವಾಗೋ ಮಾತೇ ಕಣ್ ಮಗ. ಗುಂಡಯ್ಯಂಗ್ಯಾಕೆ ಯೋಳ್ಲಿಲ್ಲ?... ನಾಚ್ಕೆ. ಹೂಂ. ಅವ್ನಿಗೆ ಯೋಳ್ಲಿಲ್ಲ, ನನ್ಗೆ ಯೋಳ್ಲಿಲ್ಲ. ಕಡೇಗೆ ಆ ಫೋನಿನೋನೊಬ್ನೇ ನಿನ್ ನೋವು ಮಾತಾಡಿದ್ದು ಅಂತ ಅವ್ನ ಬೆನ್ನಿಂದೆ ಬಿದ್ದೆ.

...ಏನದು ಗಲಾಟೆ? ಗುಂಡಯ್ಯ ಏನಂತಾನೆ?... ಅಂದೋನು ಯಾರು ತೋರ್ಸು ಅಂತಾನಾ? ಗುಂಡಯ್ಯ! ಕೈಲಿರೋ ಗೂಟ ಕೆಳಗಿಡು. ಮದ್ವೆಮನೆ ಕಣಪ್ಪ ಅದು... ಇಟ್ನಾ ಮುಕ್ತಿಯಾರ್?... ಇನ್ನೊಂದು ಕೈಲಿರೋದ್ನೂ ಇಡ್ಸು.

...ಇಲ್ಲ, ನಿನ್ನೊಬ್ಬನ್ನೇ ಬೈದ್ರೆ ಆಗಲ್ಲ, ನನ್ದೂ ಐತೆ ತಪ್ಪು. ನೀನು ಒಂಬತ್ತು ವರ್ಸದೋನು, 'ಖಾಲಾ, ಇದ್ರ ಅರ್ಥ ಏನು' ಅಂತ ಕೇಳ್ದೆ. ಬಾಯ್ಮುಚ್ಕಂಡು ಓದು ಅಂತ ಬೆತ್ತ ತೋರ್ಸ್ದೆ. ನೆಪ್ಪೈತಾ?... ಇರ್ದೇ ಏನು. ನನ್ಗೂ ಆಗ ಅರ್ಥ ಗೊತ್ತಿರ್ಲಿಲ್ಲ ಕಣ್ಲಾ, ಅದ್ಕೇ ಬೆತ್ತ. ಆಮ್ಯಾಕೆ ಹಾಸನದ ಹಜರತ್ ಒಬ್ರ ತಾವ ಕಲ್ತೆ. ನಿನ್ನ ವಾಪಸ್ ಕರ್ದು ಯೋಳ್ಬೇಕಿತ್ತು, ಯೋಳ್ಲಿಲ್ಲ. ಈಗ ಶುಕ್ರವಾರ ಶುಕ್ರವಾರ ಬಾ. ಏನ್ ಬೇಕಾದ್ರೂ ಕೇಳು, ಕನ್ನಡದಲ್ಲೇ ಯೋಳ್ತೀನಿ. ಬೆತ್ತ ಇಲ್ಲ.

...ಹೂಂ, ಮಕ್ಕಳ ಜೊತೇಲೇ. ಮೂವತ್ತೈದು ವರ್ಸ ಆದ್ರೇನು, ಕಾಲು ಮಡಿಯಲ್ವಾ?... ಮಂಡಿ ನೋವಾ? ಆಯ್ತು, ಮಣೆ ಹಾಕ್ತೀನಿ.

...ಮೊದ್ಲು ಕಂಬ ನೆಡು ಓಗು. ಬೆಟ್ಟಮ್ಮನ್ನ ಹೊರಗೆ ತೆಗಿ... ಈಗ್ಲೇ ಒಂದು ಕೇಳ್ಬೇಕಾ? ನೆಡ್ತಾ ನೆಡ್ತಾನೇ? ಸರಿ, ಗುಂಡಯ್ಯ ಫೋನ್ ಹಿಡ್ಕಳ್ಲಿ. ಕೇಳು.

...ಹಾಂ?

...ಗುಂಡಯ್ಯ ಸ್ವರ್ಗಕ್ಕೆ ಓಗ್ತಾನಾ ಅಂತೀಯಾ? ಅವ್ನ ಎದುರಿಗೇ ಕೇಳ್ತೀಯಲ್ಲಾ ಮುಠ್ಠಾಳ!

...ಅದು... ಗೊತ್ತಿಲ್ಲ ಕಣ್ ಮಗ. ನಿಜವಾಗ್ಲೂ ಗೊತ್ತಿಲ್ಲ. ಅದು ಅಲ್ಲಾಹ್‌ನ ಕೆಲ್ಸ, ನನ್ನ ಕೈಲಿಲ್ಲ, ನಿನ್ನ ಕೈಲೂ ಇಲ್ಲ. ನಾನು ಓಗ್ತೀನಾ ಅನ್ನೋದೇ ನನ್ಗೆ ಗೊತ್ತಿಲ್ಲ, ಇನ್ನು ಅವ್ನದ್ದೇನ್ ಯೋಳ್ಲಿ... ಏನಂದೆ ಗುಂಡಯ್ಯ?... ನಿನ್ಗೂ ಗೊತ್ತಿಲ್ವಾ? ಸರಿ, ಮೂರು ಜನಕ್ಕೂ ಗೊತ್ತಿಲ್ಲ ಅಂತಾಯ್ತು. ಇನ್ನು ಪಾಠ ಸುರು ಮಾಡ್ಬೌದು...

...ಏನದು ಸದ್ದು? ಯಾರು 'ಹಿಡ್ಕೋ ಹಿಡ್ಕೋ' ಅಂತಿರೋದು?... ಗುಂಡಯ್ಯ, ಕಂಬ ವಾಲ್ತಾ? ಒಂದು ಕೈಲಿ ಎಂಗೆ ಹಿಡೀತೀಯಪ್ಪ, ಆ ಫೋನ್ ಬಿಸಾಕಿ ಅವ್ನಿಗೆ ಎರಡು ಕೈ ಕೊಡು... ಹಲೋ? ಬಿಸಾಕೇ ಬುಟ್ಯಾ?... ಹಲೋ...